ಕಣ್ಣೀರಿನ ಸಾಕ್ಷಿ

ಆಳಂದ, ಅಫಜಲಪುರ, ಜೇವರ್ಗಿಗಳ ಬಯಲಿನಲ್ಲಿ ತೊಗರಿಯ ರಾಶಿ ನಡೆಯುವಾಗ ಧೂಳಿಗೆ ಕಣ್ಣು ಉರಿಯದವರು ವಿರಳ. ನಮ್ಮವ್ವನಿಗೆ ರಾಶಿ ಮುಗಿದು ತಿಂಗಳಾದರೂ ಕಣ್ಣಲ್ಲಿ ನೀರು ನಿಂತಿರಲಿಲ್ಲ. “ಧೂಳ ಬಿದ್ದದ, ಹೋಗ್ತದ ಬಿಡೋ” ಎಂದಳು. ನೀರು ಸುರಿಯುವ ಕಣ್ಣೂ ಒಣಗಿರಬಹುದೆಂದರೆ ನಕ್ಕುಬಿಟ್ಟಳು.

ನಿಜ ಮಾತ್ರ ಅದೇ. ಕಣ್ಣೀರಿನ ತೆಳುಪದರು ಬೇಗ ಒಡೆದರೆ ಕಣ್ಣಿನ ಮೇಲ್ಮೈ ಒಣಗಿ ಕೆರಳುತ್ತದೆ. ಆ ಕೆರಳಿಕೆಗೇ ನೀರು ಸುರಿಯುತ್ತದೆ. ಉರಿಯೂತವಿದ್ದರೆ ಆ ನೀರಿನಲ್ಲಿ ಎಂಎಂಪಿ-9 ಎಂಬ ಕಿಣ್ವ ಹೆಚ್ಚುತ್ತದೆ. ಅದು ಮಿಲಿಲೀಟರಿಗೆ 40 ನ್ಯಾನೋಗ್ರಾಂ ಮುಟ್ಟಿದರೆ, ಅದಕ್ಕೆಂದೇ ಇರುವ ಪರೀಕ್ಷಾಪಟ್ಟಿಯಲ್ಲಿ ಸುಮಾರು 10 ನಿಮಿಷಕ್ಕೆ ಕೆಂಪು ಗೆರೆ ಮೂಡುತ್ತದೆ. ಗೆರೆ ಉರಿಯೂತ ಉಂಟೆಂದು ಹೇಳೀತು. ಕಾರಣವನ್ನು ವೈದ್ಯರೇ ಹುಡುಕಬೇಕು.

ತಾಳಿಕೊಳ್ಳುವುದರಲ್ಲಿ ನಮ್ಮ ತಾಯಂದಿರು ಗಟ್ಟಿಗರು. ಆದರೆ ಉರಿಯೂತಕ್ಕೆ ತಾಳ್ಮೆ ಮದ್ದಲ್ಲ, ಹಾಗೇ ಬಿಟ್ಟರೆ ಕಾರ್ನಿಯಾಕ್ಕೇ ಗಾಯವಾದೀತು.