ಹಳೇ ಎಚ್‌ಎಂಟಿಯ ಲೆಕ್ಕ

ಉಮ್ಮತ್ತೂರಿನ ಎರೆಹೊಲ ಮಳೆ ಬಿದ್ದರೆ ಅಂಟು, ಒಣಗಿದರೆ ಕಲ್ಲು. ಇಂಥ ನೆಲ ಉತ್ತು ಸವೆದು, ಹುಣಸೆಮರದಡಿ ತುಕ್ಕು ಹಿಡಿದು ನಿಂತ ಟ್ರ್ಯಾಕ್ಟರ್ ಕಂಡರೆ ನನಗೆ ಮುಂದೆ ಹೋಗಲು ಕಾಲೇ ಬಾರದು. ಅದು ಎಚ್‌ಎಂಟಿ 2511 ಆಗಿದ್ದರಂತೂ ಅವತ್ತಿನ ಬೇರೆ ಕೆಲಸವೆಲ್ಲ ನಿಂತಂತೆಯೇ.

1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿಯ ಕೈಗಡಿಯಾರ ಎಲ್ಲರಿಗೂ ಗೊತ್ತು. ಅದೇ ಕಂಪನಿ 1971ರಲ್ಲಿ ಜೆಕೊಸ್ಲೊವಾಕಿಯದ ಜೆಟರ್ ವಿನ್ಯಾಸ ತಂದು, ಹರಿಯಾಣದ ಪಿಂಜೋರಿನಲ್ಲಿ ಈ ಗಾಡಿ ಮಾಡತೊಡಗಿತು. ಎರಡು ಸಿಲಿಂಡರ್, 25 ಅಶ್ವಶಕ್ತಿ. ಆ ಘಟಕವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು.

ಜಾಮ್ ಆದ ಇಂಜಿನ್ ಬಿಡಿಸುವಾಗ ಅವಸರ ಸಲ್ಲದು. ಹೆಡ್ ಇಳಿಸಿ, ಸಿಲಿಂಡರಿಗೆ ಡೀಸೆಲ್ ಸುರಿದು ನೆನೆಯಲು ಬಿಡಬೇಕು. ಆಮೇಲೆ ಫ್ಲೈವೀಲನ್ನು ಕೂದಲೆಳೆಯಷ್ಟು ಆಚೆ, ಅಷ್ಟೇ ಈಚೆ ಅಲುಗಿಸಬೇಕು. ಸುತ್ತಿಗೆ ಎತ್ತಿದರೆ ಪಿಸ್ಟನ್ ಹೋಯಿತೆಂದೇ ಲೆಕ್ಕ. ಇದರ ಲೈನರ್ ಕಳಚಿ ಬೇರೆ ಕೂರಿಸಬಹುದು, ಬ್ಲಾಕನ್ನೇ ಕೊರೆಸಬೇಕಿಲ್ಲ. ಎರಡು, ಮೂರು, ನಾಲ್ಕು ಸಿಲಿಂಡರಿನ ಗಾಡಿಗಳಿಗೆ ಎಷ್ಟೋ ಬಿಡಿಭಾಗ ಒಂದೇ ಬರುವಂತೆ ಜೆಟರ್‌ನವರು ರೂಪಿಸಿದ್ದರು. ಗುಜರಿಯಲ್ಲಿ ಬಿದ್ದ ಇನ್ನೊಂದು ಗಾಡಿ ನಮಗೆ ಆಗಿಬರುವುದು ಅವರ ಈ ದೂರಾಲೋಚನೆಯಿಂದ. ಎಲ್ಲ ಜೋಡಿಸಿ, ಡೀಸೆಲ್ ಪೈಪಿನ ಗಾಳಿ ತೆಗೆಯುವಾಗ ಗುಳ್ಳೆ ನಿಂತು ಎಣ್ಣೆ ತಿಳಿಯಾಗಿ ಬರುತ್ತದಲ್ಲ, ಆ ಗಳಿಗೆಗಾಗಿ ನಾನು ಎಷ್ಟು ಭಾನುವಾರ ಬೇಕಾದರೂ ಕೊಟ್ಟೇನು.

ಖರ್ಚೇನೂ ಕಡಿಮೆಯಲ್ಲ. ಹಿಂದಿನ ಜೋಡಿ ಟೈರೇ ಜೇಬು ಬರಿದು ಮಾಡುತ್ತದೆ. ಡೀಸೆಲ್ ಪಂಪು, ನಾಝಲ್, ಕ್ಲಚ್ ಪ್ಲೇಟು, ಲೇತ್ ಕೂಲಿ ಬೇರೆ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ. ಹಾಕಿದ ದುಡ್ಡು ಮಾರಿದರೆ ಹುಟ್ಟುವುದಿಲ್ಲ. ಲಾಭಕ್ಕೆ ಈ ಕೆಲಸ ಹಿಡಿಯುವವರಿಗೆ ಬೇಡವೆಂದೇ ಹೇಳುತ್ತೇನೆ. ಆದರೆ ಲ್ಯಾಪ್‌ಟಾಪ್ ಇಲ್ಲದೆ, ಸ್ಪ್ಯಾನರ್ ಒಂದರಿಂದಲೇ ರೈತ ತಾನೇ ಬಿಚ್ಚಿ ಅರ್ಥ ಮಾಡಿಕೊಳ್ಳಬಲ್ಲ ಯಂತ್ರವಿದು. ಅರಿಸಿನದ ಹೊಲಕ್ಕೆ ಗೊಬ್ಬರ ಹೊರಲು, ಕಳೆ ಎಬ್ಬಿಸಲು ಅದರ ಶಕ್ತಿ ಇಂದಿಗೂ ಸಾಕು. ಮೊದಲು ಇಂಜಿನ್, ಆಮೇಲೆ ಬ್ರೇಕು, ಬಣ್ಣ ಕಟ್ಟಕಡೆಗೆ. ಹಳೆಯ ಬಣ್ಣ ಉಳಿದಿದ್ದರೆ ಅದನ್ನು ಮುಟ್ಟದಿರುವುದೇ ಲೇಸು.

ನಿಮ್ಮ ಹಿತ್ತಿಲಲ್ಲೂ ಇಂಥದೊಂದು ನಿಂತಿದ್ದರೆ, ಈಗಲೇ ರಿಪೇರಿ ಮಾಡಿಸಲಾಗದಿದ್ದರೂ ಚಿಂತೆಯಿಲ್ಲ. ಮಳೆ ಹಿಡಿಯುವ ಮೊದಲು ಸೈಲೆನ್ಸರ್ ಬಾಯಿಗೆ ಒಂದು ಡಬ್ಬ ಕವುಚಿಡಿ. ಸಿಲಿಂಡರಿಗೆ ನೀರು ಇಳಿಯದಿದ್ದರೆ ಉಳಿದದ್ದನ್ನೆಲ್ಲ ಸರಿಮಾಡಬಹುದು.