ಅಕ್ಕನ ಪಾಲಿನ ಕಾಳು

ಸೆಪ್ಟೆಂಬರ್ 8 ಮರಿಯಮ್ಮನವರ ಹುಟ್ಟುಹಬ್ಬ. ನಮ್ಮ ಕರಾವಳಿಯ ಕ್ಯಾಥೊಲಿಕರಿಗೆ ಅದು ಮೊಂತಿ ಹಬ್ಬ, ಹೊಸ ತೆನೆಯ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯ ಕಾಳು ಸುಲಿದು, ಪುಡಿಮಾಡಿ, ಹಾಲಿಗೆ ಬೆರೆಸಿ ಮನೆಯವರೆಲ್ಲ ಕುಡಿದ ಮೇಲೆಯೇ ಊಟ. ಅವತ್ತು ಮೀನೂ ಇಲ್ಲ. ನಮ್ಮ ಕಡೆಯವರಿಗೆ ಅದೇ ಒಂದು ತಪಸ್ಸು! ಮುಂಬೈ, ದುಬೈಯಲ್ಲಿರುವ ಮಕ್ಕಳ ಪಾಲಿನ ಕಾಳು ಲಕೋಟೆಯಲ್ಲಿ ಹೋಗುತ್ತದೆ.

ಅಕ್ಕ ಬೇರೆ ಧರ್ಮದವರನ್ನು ಮದುವೆಯಾದಳು. ಆರು ವರ್ಷ ಅವಳಿಗೆ ಲಕೋಟೆ ಹೋಗಲಿಲ್ಲ. ದಿನಾ ಸಂಜೆ ಜಪಸರ ಹೇಳುವ ಮನೆಯಲ್ಲಿ ಇಷ್ಟು ಹಟವೇ ಅಂತ ನನಗೆ ಸಿಟ್ಟು.

ಹೋದ ವರ್ಷ ಪಪ್ಪ ನಾಲ್ಕು ಕಾಳು ಕಾಗದದಲ್ಲಿ ಮಡಚಿ ನನ್ನ ಮುಂದಿಟ್ಟರು. "ಅವಳ ವಿಳಾಸ ಬರಿ."

ವಾರದ ಮೇಲೆ ಅಕ್ಕನ ಫೋನ್. "ಹಾಲಿಗೆ ಹಾಕಿ ಮೂವರೂ ಕುಡಿದೆವು ಮಾರಾಯ. ಪಪ್ಪ ಇದ್ದಾರಾ?"

ಮೊಬೈಲ್ ಪಪ್ಪನ ಕೈಗೆ ಕೊಟ್ಟು ನಾನು ಅಂಗಳಕ್ಕೆ ಹೋದೆ.