ಭಾವನ ಗಡಿಯಾರಕ್ಕೆ ಅಭ್ಯಂಜನ

ಗಡಿಯಾರ ನಾರುತ್ತಿದೆ ಎಂದು ಮೊದಲು ಪತ್ತೆ ಹಚ್ಚಿದ್ದು ನನ್ನ ಹೆಂಡತಿಯ ಮೂಗು. ಕಾಫಿ ಲೋಟ ಈಸಿಕೊಳ್ಳಲು ಕೈ ಚಾಚಿದ್ದೆ. "ಏನ್ರೀ ಇದು, ಒದ್ದೆ ಗೋಣಿಚೀಲದ ವಾಸನೆ" ಎಂದಳು. ನಾನು ಗೋಣಿಚೀಲ ಎಲ್ಲಿದೆ ಎಂದು ಸುತ್ತ ನೋಡಿದೆ. ಆಮೇಲೆ ಮುಂಗೈ ಮೂಸಿದೆ. ಅನುಮಾನವೇ ಉಳಿಯಲಿಲ್ಲ. ಊರಾಚೆ ಒಂದು ಸೈಟಿಗೆ ಮುಂಗಡ ಕೊಡಬಹುದಾದಷ್ಟು ಬೆಲೆಯ ರೋಲೆಕ್ಸ್ ಡೇಟ್‌ಜಸ್ಟ್ ನನ್ನ ಕೈಮೇಲೆ ಕೂತು ನಾರುತ್ತಿತ್ತು.

ನಾನು ಕೊಂಡ ಗಡಿಯಾರವಲ್ಲ ಅದು. ನಮ್ಮಕ್ಕನ ಗಂಡ ದುಬೈಯಲ್ಲಿ ದುಡಿಯುತ್ತಿದ್ದಾಗ ತೊಂಬತ್ತರ ದಶಕದಲ್ಲಿ ತೆಗೆದುಕೊಂಡದ್ದು. ಊರಿಗೆ ಮರಳಿದ ಮೇಲೆ ಡಾಕ್ಟರು ದಿನಾ ನಡೆಯಲು ಹೇಳಿದರು. ಭಾವ ಹೆಜ್ಜೆ ಎಣಿಸುವ ರಬ್ಬರ್ ಪಟ್ಟಿಯ ಗಡಿಯಾರವೊಂದನ್ನು ತರಿಸಿಕೊಂಡು, ಹಳೆಯದನ್ನು ನನ್ನ ಕೈಗೆ ಹಾಕಿ, "ಇದು ಬರೀ ಟೈಮ್ ತೋರಿಸತ್ತೆ ಕಣೋ, ನೀನೇ ಇಟ್ಕೋ" ಎಂದರು. ನಿವೃತ್ತ ಬ್ಯಾಂಕ್ ಗುಮಾಸ್ತನ ಕೈಯಲ್ಲಿ ಅದನ್ನು ಕಂಡವರೆಲ್ಲ ಡೂಪ್ಲಿಕೇಟ್ ಎಂದೇ ತಿಳಿಯುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ. ಕಳ್ಳರ ಭಯವಿಲ್ಲ, ಸಾಲ ಕೇಳುವವರ ಭಯವೂ ಇಲ್ಲ.

ನಮ್ಮಪ್ಪನಿಗೆ ಗಡಿಯಾರ ತೊಳೆಯುವ ಪ್ರಸಂಗವೇ ಬಂದಿರಲಿಲ್ಲ. ಅವರದು ಎಚ್‌ಎಂಟಿ ಜನತಾ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ಮಾಡಲು ಹೊರಟ ಸರ್ಕಾರಿ ಕಾರ್ಖಾನೆಯ ಕೂಸು. ಕೀ ಕೊಡುವ ಯಂತ್ರ, ಹದಿನೇಳು ಜ್ಯುವೆಲ್. ನೀರೆಂದರೆ ಅದಕ್ಕೆ ಮಡಿ. ಸ್ನಾನಕ್ಕೆ ಹೋಗುವಾಗ ಗೋಡೆಯ ಗೂಡಿನಲ್ಲಿ ಬಿಚ್ಚಿಡುತ್ತಿದ್ದರು. ದಾರಿಯಲ್ಲಿ ಮಳೆ ಹಿಡಿದರೆ ಕರ್ಚೀಫಿನಲ್ಲಿ ಸುತ್ತಿ ಒಳಜೇಬಿಗೆ ಸೇರಿಸಿ, ತಾವು ಮಾತ್ರ ತೊಪ್ಪೆಯಾಗಿ ಮನೆಗೆ ಬರುತ್ತಿದ್ದರು. ವರ್ಷಕ್ಕೊಮ್ಮೆ ಪೇಟೆಯ ರಿಪೇರಿಯವನ ಹತ್ತಿರ ಆಯಿಲಿಂಗ್. ಆತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಪುಟ್ಟ ಬಟ್ಟಲಲ್ಲಿ ಪೆಟ್ರೋಲ್ ಸುರಿದು ಹಲ್ಲುಚಕ್ರಗಳನ್ನೆಲ್ಲ ಅದರಲ್ಲಿ ಅದ್ದಿಡುತ್ತಿದ್ದ. ಬಸ್ಸಿಗೆ ಹಾಕುವ ಹಾಗೆ ಗಡಿಯಾರಕ್ಕೂ ಪೆಟ್ರೋಲ್ ಹಾಕಿಸಬೇಕು, ಒಮ್ಮೆ ಹಾಕಿಸಿದರೆ ಒಂದು ವರ್ಷ ಓಡುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ.

ಭಾವನ ಗಡಿಯಾರವೋ ನೀರಿಗೆ ಹೆದರುವ ಕುಲದ್ದಲ್ಲ. 1926ರಲ್ಲಿ ರೋಲೆಕ್ಸಿನವರು ತಿರುಪು ಬಿಗಿದು ಮುಚ್ಚುವ ಕವಚ ಮಾಡಿ, ಅದಕ್ಕೆ ಆಯ್‌ಸ್ಟರ್, ಅಂದರೆ ಸಿಂಪಿ ಎಂದು ಹೆಸರಿಟ್ಟರು. ಮರುವರ್ಷ ಮರ್ಸಿಡಿಸ್ ಗ್ಲೈಟ್ಸ್ ಎಂಬ ಈಜುಗಾರ್ತಿ ಅದನ್ನು ಕುತ್ತಿಗೆಗೆ ತಾಳಿಯ ಹಾಗೆ ಕಟ್ಟಿಕೊಂಡು ಇಂಗ್ಲಿಷ್ ಕಾಲುವೆಗೆ ಇಳಿದಳು. ಅಕ್ಟೋಬರ್ ತಿಂಗಳ ಕೊರೆಯುವ ನೀರು. ಹತ್ತು ಗಂಟೆಗೂ ಹೆಚ್ಚು ಈಜಿದರೂ ಆ ಸಲ ಆಕೆ ಆಚೆ ದಡ ಮುಟ್ಟಲಿಲ್ಲ, ದೋಣಿಗೆ ಎತ್ತಿಕೊಳ್ಳಬೇಕಾಯಿತು. ಗಡಿಯಾರ ಮಾತ್ರ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಕಂಪನಿ ಇದನ್ನೇ ಡೇಲಿ ಮೇಲ್ ಪತ್ರಿಕೆಯ ಮುಖಪುಟದಲ್ಲಿ ಜಾಹೀರಾತು ಮಾಡಿತು. ನಡುಗುತ್ತಾ ಕೂತಿದ್ದ ಆ ಹೆಂಗಸಿಗೆ ಯಾರಾದರೂ ಒಂದು ಲೋಟ ಬಿಸಿ ಚಹಾ ಕೊಟ್ಟರೋ ಎಂಬುದೇ ನನ್ನ ಚಿಂತೆ.

ಆದರೆ ಸಿಂಪಿಯನ್ನು ಕಾಯುವುದು ಸ್ಟೀಲಲ್ಲ, ಒಳಗಿರುವ ಸಣ್ಣ ರಬ್ಬರ್ ಬಳೆಗಳು. ಕುಕ್ಕರಿನ ಗ್ಯಾಸ್ಕೆಟ್ ಹಾಗೆ ಅವೂ ವಯಸ್ಸಾದಂತೆ ಒಣಗಿ ಬಿರುಸಾಗುತ್ತವೆ. 100 ಮೀಟರ್ ಆಳ ತಾಳುತ್ತದೆ ಎಂದು ಕಂಪನಿ ಹೆಮ್ಮೆಪಟ್ಟರೂ ಅದು ಹೊಸದರಲ್ಲಿ ಆಡಿದ ಮಾತು. ಬಿಸಿನೀರು ತಗುಲಿದರೆ ಅವು ಇನ್ನಷ್ಟು ಕೆಡುತ್ತವೆ. ಭಾವ ಕೊನೆಯ ಸಲ ಗ್ಯಾಸ್ಕೆಟ್ ಬದಲಾಯಿಸಿದ್ದು ಯಾವಾಗ ಎಂದು ಫೋನ್ ಮಾಡಿ ಕೇಳಿದೆ. "ಗ್ಯಾಸ್ಕೆಟ್ಟಾ? ಗಡಿಯಾರಕ್ಕಾ?" ಎಂದರು. ತೊಳೆಯುವಾಗ ಗಡಿಯಾರದ ತಲೆ ಮುಳುಗಿಸಬಾರದು ಎಂದು ಆಗಲೇ ನಿರ್ಧರಿಸಿದೆ.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಟವೆಲ್ ಹಾಸಿ, ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು, ಒಂದೇ ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್, ಮೊಮ್ಮಗಳ ಹೊಸ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡು ಕೂತೆ. ಹೆಂಡತಿ ಒಂದು ಉಂಡೆ ಹುಣಸೆಹಣ್ಣು, ಒಂದು ಚಿಟಿಕೆ ವಿಭೂತಿ ಹಿಡಿದು ಬಂದಳು. ಹಿತ್ತಾಳೆಗೆ ಹುಣಸೆಹಣ್ಣು, ಬೆಳ್ಳಿಗೆ ವಿಭೂತಿ. ನಮ್ಮ ಮನೆಯ ದೀಪದ ಕಂಬಗಳೆಲ್ಲ ಅದಕ್ಕೆ ಸಾಕ್ಷಿ. ಗಾಜಿನ ಸುತ್ತ ಇರುವ ಗೀರುಗೀರಿನ ಬಳೆ ಬಿಳಿ ಚಿನ್ನದ್ದು, ಉಜ್ಜಿದರೆ ಸವೆಯುತ್ತದೆ ಎಂದೆ. "ಬಿಳಿ ಚಿನ್ನ ಅಂದ್ರೆ ಬೆಳ್ಳಿ ತಾನೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಟೂತ್‌ಪೇಸ್ಟ್ ಸಲಹೆ ಪಕ್ಕದ ಮನೆಯವರದು. ಅಪ್ಪನ ಗಡಿಯಾರದ ಪ್ಲಾಸ್ಟಿಕ್ ಗಾಜಿಗೆ ಅದು ಸರಿಯಿತ್ತು, ಉಜ್ಜಿದಷ್ಟೂ ಗೀರು ಮಾಯ. ನೀಲಮಣಿಯ ಜಾತಿಯ ಈಗಿನ ಗಾಜಿಗೆ ಅದರಿಂದ ಏನೂ ಆಗುವುದಿಲ್ಲ. ಮಿರುಗುವ ಲೋಹಕ್ಕೆ ಮಾತ್ರ ಮರಳುಕಾಗದ ಆಡಿಸಿದಂತೆ.

ಕೀ ತಿರುಪು ಒಳಗೆ ಬಿಗಿದಿದೆಯೇ ಎಂದು ಒಮ್ಮೆ ನೋಡಿದೆ, ಇನ್ನೊಮ್ಮೆ ನೋಡಿದೆ, ಕನ್ನಡಕ ಹಾಕಿಕೊಂಡು ಮೂರನೆಯ ಸಲ ನೋಡಿದೆ. ಆಮೇಲೆ ಅಜ್ಜಿಯನ್ನು ನೆನೆದೆ. ಅಜ್ಜಿ ಕಾಲು ಚಾಚಿ ಕೂತು, ಬೋರಲು ಮಲಗಿಸಿದ ಕೂಸಿನ ಮೂಗಿಗೆ ನೀರು ಹೋಗದಂತೆ ಒಂದು ಕೈಯನ್ನು ಗದ್ದಕ್ಕೆ ಕೊಟ್ಟು ಇನ್ನೊಂದರಿಂದ ಹುಯ್ಯುತ್ತಿದ್ದಳು. ಹಾಗೆಯೇ ಗಡಿಯಾರದ ತಲೆ ಮೇಲೆ ಹಿಡಿದು ಪಟ್ಟಿಯನ್ನಷ್ಟೇ ನೀರಿಗೆ ಬಿಟ್ಟೆ. ತಲೆಗೆ ಒದ್ದೆ ಬಟ್ಟೆಯ ಒರೆಸು ಮಾತ್ರ. ಡೇಟ್‌ಜಸ್ಟ್ ಬಂದ 1945ರಲ್ಲೇ ಹುಟ್ಟಿದ ಜೂಬಿಲಿ ಪಟ್ಟಿ ಅದು, ಸಾಲಿಗೆ ಐದು ತುಂಡಿನ ಕೊಂಡಿ. ನೋಡಲು ನೆಕ್ಲೇಸಿನ ಹಾಗೆ ಅಂದ. ಆದರೆ ಅಷ್ಟು ಸಂದುಗಳಿದ್ದರೆ ಕೊಳೆಗೆ ಅಷ್ಟು ಬಾಡಿಗೆ ಮನೆಗಳು. ಬ್ರಷ್ ಆಡಿಸಿದೆ. ನೀರು ಮೊದಲು ಅಕ್ಕಿ ತೊಳೆದ ನೀರಿನಂತಾಯಿತು, ಆಮೇಲೆ ಕಾಫಿ ಚರಟ ಕದಡಿದಂತೆ. ಪಿನ್ನಿನಿಂದ ಕೆದಕಲು ಕೈ ತುರಿಸಿತು, ತಡೆದುಕೊಂಡೆ.

ಅದೆಲ್ಲ ಏನು ಅಂದುಕೊಂಡಿರಿ? ಸತ್ತ ಚರ್ಮ, ಬೆವರಿನ ಉಪ್ಪು, ಸೋಪು, ಮರಳುಗಾಡಿನ ಧೂಳು, ಎಣ್ಣೆಜಿಡ್ಡು. ಪಾರ್ವತಿ ಮೈಮಣ್ಣು ತೆಗೆದು ಗಣಪನನ್ನು ಮಾಡಿದಳಂತೆ. ಇದರಲ್ಲಿ ಗಣಪ ಆಗದಿದ್ದರೂ ಅವನ ಇಲಿ ಧಾರಾಳವಾಗಿ ಆಗುತ್ತಿತ್ತು. ನಾನು ಕಟ್ಟಿಕೊಂಡದ್ದು ಒಂದೂವರೆ ವರ್ಷ, ಭಾವ ಕಟ್ಟಿದ್ದು ಇಪ್ಪತ್ತಕ್ಕೂ ಮೇಲ್ಪಟ್ಟು. ಲೆಕ್ಕ ಹಾಕಿದರೆ ಬೋಗುಣಿಯಲ್ಲಿದ್ದವರು ಬಹುಪಾಲು ಭಾವನೇ. ಅಕ್ಕನಿಗೆ ಈ ವಿಷಯ ಹೇಳಿಲ್ಲ.

ಇಷ್ಟು ಹೊತ್ತು ನಗುತ್ತಿದ್ದ ನನಗೆ ಕೊಂಡಿಗಳ ಹಿಂಬದಿ ನೋಡಿ ನಗು ನಿಂತಿತು. ಅಲ್ಲಲ್ಲಿ ಸೂಜಿಮೊನೆಯಷ್ಟು ಗುಂಡಿಗಳು. ಸ್ಟೀಲಿಗೂ ಒಂದು ಚರ್ಮವಿದೆ: ಒಳಗಿರುವ ಕ್ರೋಮಿಯಂ ಗಾಳಿಯ ಜೊತೆ ಸೇರಿ ಕಣ್ಣಿಗೆ ಕಾಣದ ಪೊರೆ ಕಟ್ಟಿಕೊಳ್ಳುತ್ತದೆ, ಗೀರು ಬಿದ್ದರೆ ತಾನೇ ಮತ್ತೆ ಬೆಳೆಯುತ್ತದೆ. ಗಾಳಿ ತಾಗದಂತೆ ಕೊಳೆ ಮುಚ್ಚಿ, ಕೆಳಗೆ ಬೆವರಿನ ಉಪ್ಪು ಕೂತುಬಿಟ್ಟರೆ ಆ ಪೊರೆ ಸೋಲುತ್ತದೆ. ತುಕ್ಕು ಹಿಡಿಯದ ಲೋಹ ಎಂಬ ಭರವಸೆಯಲ್ಲಿ ತೊಳೆಯದೇ ಬಿಟ್ಟದ್ದರಿಂದಲೇ ಅದು ತುಕ್ಕಾಗುತ್ತಿತ್ತು.

ಸ್ವಚ್ಛ ನೀರಿನಲ್ಲಿ ಮತ್ತೆರಡು ಸಲ ಜಾಲಿಸಿ, ಒಗೆದು ಒಗೆದು ಮೆತ್ತಗಾದ ಪಂಚೆಯ ತುಂಡಿನಲ್ಲಿ ಒರೆಸಿ, ಫ್ಯಾನಿನ ಕೆಳಗೆ ಮಲಗಿಸಿದೆ. ಸಾಂಬ್ರಾಣಿ ಹೊಗೆಯೊಂದು ಬಾಕಿ. ಹೇರ್ ಡ್ರೈಯರ್ ಬೇಡ, ಆ ಶಾಖ ಗ್ಯಾಸ್ಕೆಟ್ಟಿಗೆ ಆಗದು. ಸಂಜೆ ಕಟ್ಟಿಕೊಂಡರೆ, ನಿನ್ನೆಯವರೆಗೆ ಕೈಗೆ ಅಂಟಿ ಕೂರುತ್ತಿದ್ದ ಪಟ್ಟಿ ಗಿಲಕಿಯಂತೆ ಸದ್ದು ಮಾಡುತ್ತಾ ಹೆಬ್ಬೆರಳ ಬುಡಕ್ಕೆ ಜಾರಿತು! ಗಾಬರಿಯಾಗಿ ಭಾವನಿಗೆ ಫೋನ್ ಮಾಡಿದೆ. "ಕೊಂಡಿಗಳು ಸವೆದು ಎಷ್ಟೋ ವರ್ಷ ಆಯ್ತು ಕಣೋ. ಹಿಡಕೊಂಡಿದ್ದೇ ಆ ಕೊಳೆ" ಎಂದರು. ಆ ಕೊಳೆಯೇ ಒಳಗೆ ಅರದಂತೆ ಉಜ್ಜಿ ಪಿನ್ನುಗಳನ್ನು ಸವೆಸಿದ್ದೂ ಹೌದು ಎಂದು ಹೇಳಲು ಹೊರಟೆ. ಅಷ್ಟರಲ್ಲಿ ಅವರ ರಬ್ಬರ್ ಗಡಿಯಾರ ಪೀಂಕ್ ಎಂದಿತು. "ಇನ್ನೂ 800 ಹೆಜ್ಜೆ ಬಾಕಿ" ಎಂದು ಫೋನ್ ಇಟ್ಟರು.

ಪಟ್ಟಿಯ ಬೀಗದ ಪಕ್ಕದಲ್ಲಿ ಸಾಲಾಗಿರುವ ತೂತುಗಳಲ್ಲಿ ಪಿನ್ನನ್ನು ಒಂದು ಮನೆ ಒಳಗೆ ಸರಿಸಿದ ಮೇಲೆ ಈಗ ಸರಿಯಾಗಿ ಕೂರುತ್ತದೆ. ಮಿಂದು ಎದ್ದ ಕೂಸಿನಂತೆ ಫಳಫಳಿಸುತ್ತದೆ. ಮೊನ್ನೆ ಕ್ಷೌರದಂಗಡಿಯಲ್ಲಿ ಕತ್ತಿ ಮಸೆಯುತ್ತಿದ್ದವನ ಕಣ್ಣು ಅದರ ಮೇಲೆ ಬಿತ್ತು.

"ಹೊಸದಾ ಸಾರ್? ಎಷ್ಟು ಕೊಟ್ರಿ?"

ಬಾಯಿಗೆ ಬಂದದ್ದು ಹೇಳಿದೆ: "ಎಂಟು ನೂರು."

ಕೈಯನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಮರುಕದಿಂದ ತಲೆಯಾಡಿಸಿದ. "ಮೋಸ ಹೋದ್ರಿ ಸಾರ್. ಇಷ್ಟು ಹೊಳೆಯೋದು ಇನ್ನೂರೈವತ್ತಕ್ಕೆ ಸಿಗತ್ತೆ."